ಜಾಕ್‌ನ ಗಾಲಿಗೆ ಕೊಟ್ಟ ಕಲ್ಲು

೧೯೮೬ರಲ್ಲಿ ನಾನು ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಆಟೋಮೊಬೈಲ್ ವಿಭಾಗದ ಉಪನ್ಯಾಸಕನಾಗಿದ್ದೆ. ಕಾರು ಇಟ್ಟುಕೊಂಡ ಪರಿಚಯದವರು ಟೈರು, ಬ್ಯಾಟರಿ ಯಾವುದು ಒಳ್ಳೆಯದೆಂದು ಕೇಳಲು ಬರುತ್ತಿದ್ದರು. ಹಾಗೆ ಬಂದವರು ಗುಬ್ಬಿಯ ಕೊಬ್ಬರಿ ವ್ಯಾಪಾರಿ ಮಾದೇವಣ್ಣ. ವಾರಕ್ಕೆರಡು ಸಲ ಕುಣಿಗಲ್ಲಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ಒಮ್ಮೆ ಹೆಬ್ಬೂರಿನ ಬಳಿ ಕಾರು ಎತ್ತುವ ಹಳೆಯ ಸ್ಕ್ರೂ ಜಾಕ್ ವಾಲಿ, ಅವರ ಬೆರಳುಗಳು ಕೂದಲೆಳೆಯಲ್ಲಿ ಉಳಿದಿದ್ದವು.

"ಮನೇಲೇ ಟೈರ್ ಬಿಚ್ಚೋಕೆ ಭದ್ರವಾದ ಜಾಕ್ ಒಂದು ಕೊಡ್ಸಿ ಮೇಷ್ಟ್ರೇ. ಎರಡು ಕೈನೂ ಬೇಕು ನಂಗೆ, ತಕ್ಕಡಿ ಹಿಡಿಯೋನು" ಎಂದು ನಕ್ಕರು.

ಅಂತರಸನಹಳ್ಳಿಯ ಕಡೆ ಒಂದು ವರ್ಕ್‌ಶಾಪಿನಲ್ಲಿ ಎಣ್ಣೆಯ ಒತ್ತಡದಿಂದ ಎತ್ತುವ ಎರಡು ಟನ್ನಿನ ಟ್ರಾಲಿ ಜಾಕ್ ನೋಡಿದೆ. ನಾಲ್ಕು ಕಬ್ಬಿಣದ ಗಾಲಿ, ಉದ್ದನೆಯ ಹಿಡಿ, ಕಾರಿನ ಅಡಿಗೆ ಕೊಡಲು ಬಟ್ಟಲಿನಂಥ ಸ್ಯಾಡಲ್. ಕಾರೊಂದನ್ನು ಎತ್ತಿಸಿ ಒಂದು ಗಂಟೆ ಕಾದೆ. ಎಣ್ಣೆ ಸೋರಲಿಲ್ಲ, ಕಾರು ಒಂದು ನೂಲಿನಷ್ಟೂ ಇಳಿಯಲಿಲ್ಲ. ಎತ್ತುವಾಗ ಜಾಕ್ ಸಿಮೆಂಟ್ ನೆಲದ ಮೇಲೆ ತಾನಾಗಿ ಗೇಣುದ್ದ ಮುಂದಕ್ಕೆ ಜರುಗಿದ್ದನ್ನೂ ಕಂಡೆ. ಗಾಲಿಗಳು ಸರಾಗವಾಗಿವೆ ಎಂದಷ್ಟೇ ಸಂತೋಷಪಟ್ಟೆ.

ಭಾನುವಾರ ಬೆಳಿಗ್ಗೆ ಅದನ್ನು ಗುಬ್ಬಿಗೆ ತಲುಪಿಸಿದೆ. ಮುಂದಿನ ಎಡ ಟೈರು ಪಂಕ್ಚರ್ ಆಗಿ ಕಾರು ಚಪ್ಪಡಿ ಹಾಸಿದ ಅಂಗಳದಲ್ಲೇ ನಿಂತಿತ್ತು. ಮಾದೇವಣ್ಣನ ತಮ್ಮ ರುದ್ರೇಶ ಜಾಕನ್ನು ಕಾರಿನ ಮುಂಭಾಗದಿಂದ ಒಳಕ್ಕೆ ತಳ್ಳಿ, ಅದರ ಹಿಂದಿನ ಎರಡು ಗಾಲಿಗಳ ಮುಂದೆ ಕಲ್ಲು ಕೊಟ್ಟ. ಗಾಡಿ ನಿಲ್ಲಿಸಿದೊಡನೆ ಗಾಲಿಗೆ ಕಲ್ಲು ಕೊಡುವುದು ಆ ಮನೆಯ ರೂಢಿ. ಎತ್ತಿನ ಗಾಡಿ, ಕೈಗಾಡಿ, ಯಾವುದಾದರೂ ಸರಿ. ಕಲ್ಲು ಬೇಕಾಗಿದ್ದುದು ಕಾರಿನ ಚಕ್ರಕ್ಕೆ. ನಾನು ಕಾಫಿ ಕುಡಿಯುತ್ತ ಸುಮ್ಮನಿದ್ದೆ.

ಕಾರು ಎದ್ದಿತು, ಚಕ್ರ ಬಿಚ್ಚಿದರು. ಆದರೆ ಗಾಳಿ ತುಂಬಿದ ಸ್ಟೆಪ್ನಿಗೆ ಎತ್ತರ ಸಾಲದು. ಅಷ್ಟರಲ್ಲಿ ಒಂದು ನಟ್ಟು ಉರುಳಿ ಕಾರಿನ ಅಡಿಗೆ ಹೋಯಿತು. ಮಾದೇವಣ್ಣ ಬೋರಲು ಮಲಗಿ ಬಲಗೈಯನ್ನು, ಚಕ್ರ ಕಳಚಿ ಬರಿದಾಗಿದ್ದ ಬ್ರೇಕ್ ಡ್ರಮ್ಮಿನ ಕೆಳಗೆ ಚಾಚಿದರು.

"ಇನ್ನೊಂಚೂರು ಎತ್ಲಾ ರುದ್ರ."

"ಮೊದ್ಲು ನೀನ್ ಆಚೆ ಬಾರಣ್ಣ."

"ಎತ್ತು ಅಂದ್ನಲ್ಲಾ, ಸಿಕ್ತು ನಟ್ಟು."

ರುದ್ರೇಶ ಹಿಡಿ ಒತ್ತಿದ. ಜಾಕ್ ಮುಂದಕ್ಕೆ ಹೋಗಲು ನೋಡಿ ಕಿರುಗುಟ್ಟಿತು, ಒಂದು ಕಲ್ಲು ಅಲುಗಿತು. ಜಾಕ್ ಜಾರುತ್ತಿದೆ ಎಂದುಕೊಂಡು ನಾನು ಕಲ್ಲನ್ನು ಚಪ್ಪಲಿಯ ಕಾಲಿನಿಂದ ಗಾಲಿಗೆ ಬಿಗಿಯಾಗಿ ಒತ್ತಿ ಹಿಡಿದೆ. ಅವನು ಮತ್ತೊಮ್ಮೆ ಒತ್ತಿದ.

ಸ್ಯಾಡಲ್ ಕಳಚಿಕೊಂಡ ಸದ್ದು ಬಂದೂಕಿನದಂತಿತ್ತು. ಕಾರು ದಪ್ಪನೆ ಕುಸಿಯಿತು. ಡ್ರಮ್ಮು ಮೊಳಕೈಯ ಮೇಲೆ ಬಿದ್ದು ಎಲುಬು ಮುರಿದದ್ದು ನನಗೆ ಕೇಳಿಸಿತು. ಮಾದೇವಣ್ಣ ಕೂಗಿದ್ದು ಒಂದೇ ಸಲ. ಆಮೇಲೆ ಹಣೆಯನ್ನು ಚಪ್ಪಡಿಗೆ ಚಚ್ಚಿಕೊಳ್ಳತೊಡಗಿದರು. ಕಲ್ಲಿನ ಸಂದಿಯಲ್ಲಿ ರಕ್ತ ಹರಿಯಿತು.

ರುದ್ರೇಶ ಹಿಡಿಯನ್ನು ಕಿತ್ತುಕೊಂಡು ನನ್ನ ಕಡೆ ತಿರುಗಿದ. "ಲೇ, ನೀನೇ ಅಲ್ವೇನ್ಲಾ ಇದ್ನ ಆರ್ಸಿ ತಂದೋನು!" ಕಬ್ಬಿಣ ನನ್ನ ಎಡ ಭುಜಕ್ಕೆ ಅಪ್ಪಳಿಸಿತು. ಎರಡನೆಯ ಏಟು ಕಿವಿಯ ಪಕ್ಕದಲ್ಲೇ ಹಾದು ಕಾರಿನ ಬಾನೆಟ್ಟಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದ್ದಾಗ ನಾನು ಕಿರುಚಿದೆ: "ನನ್ನನ್ನ ಆಮೇಲೆ ಕೊಲ್ಲು! ಮೊದಲು ಆ ಕಲ್ಲು ತೆಗಿ, ಕಾರು ಎತ್ತಬೇಕು!"

"ಮತ್ತೆ ಅದೇ ಜಾಕಾ?"

"ಅದೇ. ಬೇರೆ ಏನಿದೆ ನಿನ್ನ ಹತ್ರ?"

ಅವನು ಹಿಡಿಯನ್ನು ಮತ್ತೆ ಜಾಕ್‌ಗೆ ಸಿಕ್ಕಿಸಿದ. ನಾನು ಹೇಳಿದಂತೆ ಕಲ್ಲುಗಳನ್ನು ಎತ್ತಿ ಕಾರಿನ ಹಿಂದಿನ ಚಕ್ರಗಳಿಗೆ ಕೊಟ್ಟ. ನಾನು ಒಂದೇ ಕೈಯಲ್ಲಿ ಜಾಕನ್ನು ಇಳಿಸಿ ಸ್ಯಾಡಲನ್ನು ಕಾರಿನ ಅಡಿಗೆ ಕೂರಿಸಿದೆ. ಅವನು ಅಳುತ್ತ ಒತ್ತಿದ. ಜಾಕ್ ಚಪ್ಪಡಿಯ ಮೇಲೆ ಮೆಲ್ಲಗೆ ಜರುಗುತ್ತ ಕಾರನ್ನು ಎತ್ತಿತು. ಮಾದೇವಣ್ಣನನ್ನು ಕಾಲು ಹಿಡಿದು ಎಳೆದೆವು. ಪಕ್ಕದ ಮನೆಯವರ ವ್ಯಾನಿನಲ್ಲಿ ತುಮಕೂರಿನ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈಯನ್ನು ಮೊಳಕೈಗಿಂತ ಮೇಲೆ ಕತ್ತರಿಸಿದರು.

ಎತ್ತುವಾಗ ಜಾಕ್‌ನ ತೋಳು ಕಮಾನಿನಂತೆ ಬಾಗಿ ಏರುತ್ತದೆ. ಅದಕ್ಕೆ ತಕ್ಕಂತೆ ಗಾಲಿ ಉರುಳಲೇಬೇಕು. ತಡೆದರೆ ಸ್ಯಾಡಲ್ ಕಾರಿನ ಅಡಿಯಿಂದ ಜಾರುತ್ತದೆ. ಇದನ್ನು ನಾನು ತರಗತಿಯಲ್ಲಿ ಚಿತ್ರ ಬರೆದು ಹೇಳಿಕೊಟ್ಟಿದ್ದೆ. ಎತ್ತಿದ ಕಾರನ್ನು ಹೊರಲು ಕಬ್ಬಿಣದ ಸ್ಟ್ಯಾಂಡ್ ಬೇಕೆಂಬುದೂ ಗೊತ್ತಿತ್ತು. ಹತ್ತು ನಿಮಿಷದ ಕೆಲಸ ತಾನೇ ಎಂದು ಬಿಟ್ಟಿದ್ದೆ.

ಮೂರು ತಿಂಗಳ ಮೇಲೆ ಗುಬ್ಬಿಗೆ ಹೋದೆ. ಮಾದೇವಣ್ಣ ಎಡಗೈಯಲ್ಲಿ ಕಾಫಿ ಲೋಟ ಕೊಟ್ಟರು. ರುದ್ರೇಶ ತಲೆ ತಗ್ಗಿಸಿ, "ತಪ್ಪಾಯ್ತು ಮೇಷ್ಟ್ರೇ, ಕಲ್ಲು ಕೊಟ್ಟೋನು ನಾನು" ಎಂದ. ಆಗ ಹೇಳಿದೆ, ಅದನ್ನು ಒತ್ತಿ ಹಿಡಿದವನು ನಾನೆಂದು.

ಮಾದೇವಣ್ಣ ನನ್ನ ಮುಖ ನೋಡಲಿಲ್ಲ. "ಗೊತ್ತು ಬುಡಿ. ಕೆಳಗೆ ಮಲ್ಗಿದ್ದಾಗ ನಿಮ್ ಚಪ್ಪಲಿನೇ ಕಾಣ್ತಿದ್ದದ್ದು. ಮೇಷ್ಟ್ರು ಹಿಡ್ಕೊಂಡವ್ರೆ ಅಂತ ಧೈರ್ಯವಾಗಿದ್ದೆ."

ಒಳ್ಳೆಯ ಜಾಕ್ ಯಾವುದೆಂದು ಈಗಲೂ ಜನ ಕೇಳುತ್ತಾರೆ. ಟನ್ನಿನ ಲೆಕ್ಕ ಹೇಳುವ ಮೊದಲು ಅದರ ಗಾಲಿ ಉರುಳುವ ನೆಲ ನೋಡಲು ಅವರ ಮನೆಗೇ ಹೋಗುತ್ತೇನೆ. ಚಕ್ರ ಬಿಚ್ಚಿ ಮುಗಿಯುವವರೆಗೂ ಕಾರಿನ ಬಳಿ, ಚಪ್ಪಲಿ ದೂರ ಬಿಟ್ಟು ಬರಿಗಾಲಿನಲ್ಲಿ, ಬಾಯಿಬಿಟ್ಟು ಎಚ್ಚರಿಸುತ್ತ ನಿಂತಿರುತ್ತೇನೆ.