ದೊಡ್ಡಮ್ಮನ ಗುಳ್ಳದ ಸಸಿಗಳು

ದೊಡ್ಡಮ್ಮ ಮಣ್ಣಿನ ಬಿಸಿಯನ್ನು ಮೊಣಕೈ ಊರಿ ನೋಡುತ್ತಿದ್ದರು, ಎಳೆಗೂಸಿನ ಸ್ನಾನದ ನೀರು ನೋಡುವ ಹಾಗೆ. ಉಡುಪಿ ಕಡೆಯವರು. ಡಚ್ಚರ ಊರಾದ ಐಂಡ್‌ಹೋವನ್ನಿನ ಅಂಚಿನಲ್ಲಿ ಬಾಡಿಗೆಗೆ ಸಿಗುವ ತರಕಾರಿ ತೋಟಗಳಲ್ಲಿ ನನ್ನದರ ಪಕ್ಕದ್ದು ಅವರದು. ರಕ್ತಸಂಬಂಧವೇನಿಲ್ಲ, ಇಲ್ಲಿನ ಕನ್ನಡದವರಿಗೆಲ್ಲ ಅವರು ದೊಡ್ಡಮ್ಮ. ಸೀರೆಯ ಮೇಲೆ ಉಣ್ಣೆ ಕೋಟು, ಕಾಲಿಗೆ ಗಂಡನ ರಬ್ಬರ್ ಬೂಟು. ಒಮ್ಮೆ ಡಚ್ ಅಜ್ಜನೊಬ್ಬ ಅವರ ಹರಿವೆಯನ್ನು ಕಳೆಯೆಂದು ಕಿತ್ತಾಗ, ತುಳುವಿನಲ್ಲೇ ಚೆನ್ನಾಗಿ ಬೈದು, ಮರುದಿನ ಅದರದೇ ಪಲ್ಯ ತಂದು ತಿನ್ನಿಸಿದ್ದರು.

ಪ್ರತಿ ಮಾರ್ಚಿನಲ್ಲಿ ಅವರ ಕಿಟಕಿಯ ಬಳಿ, ಮೊಸರಿನ ಡಬ್ಬಿಗಳಲ್ಲಿ ಗುಳ್ಳ ಮೊಳೆಯುತ್ತಿತ್ತು. ಗುಳ್ಳವೆಂದರೆ ಅವರೂರಿನ ದುಂಡು ಬದನೆ. ತಾಯಿ ಕಟ್ಟಿಕೊಟ್ಟ ಬೀಜದ ಸಂತತಿ. ಹೋದ ವರ್ಷ ಉಳಿದಿದ್ದದ್ದು ಕೊನೆಯ ಚಿಟಿಕೆ. ಆರು ಸಸಿ ಎದ್ದವು. ಅಷ್ಟರಲ್ಲಿ ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಾಗಿ ಬಂತು. ಡಬ್ಬಿಗಳನ್ನು ನನ್ನ ಕೈಗಿತ್ತರು.

"ಮೇ ಅರ್ಧ ಕಳೀದೆ ಹೊರಗೆ ನೆಡ್ಬೇಡ ಮಾರಾಯ. ಇಲ್ಲಿಯವರ ಹಿಮದ ಸಂತರ ದಿನ ಉಂಟಲ್ಲ, ಕಡೇ ಹಿಮ ಬೀಳುದು ಆಗ, ಅದು ದಾಟ್ಲಿ. ನಮ್ಮ ದೇವರಿಗೆ ಇಲ್ಲಿಯ ಚಳಿ ಅಭ್ಯಾಸ ಇಲ್ಲ."

ನಕ್ಕುಬಿಟ್ಟೆ. ಆದರೆ ಅಕ್ಷಯ ತದಿಗೆಯ ದಿನ ಎಂಥ ಬಿಸಿಲು! ಮೈಸೂರಿನಲ್ಲಿ ನನ್ನಜ್ಜಿ ಹಿತ್ತಲಿಗೆ ಬೀಜ ಹಾಕುತ್ತಿದ್ದದ್ದು ಅಂದೇ. ದೊಡ್ಡಮ್ಮ ಬರುವಷ್ಟರಲ್ಲಿ ಗಿಡ ಹೂ ಬಿಟ್ಟಿರಲಿ ಎಂಬ ಆಸೆ ಬೇರೆ. ಪಾತಿಗೆ ಅರಿಸಿನ ಕುಂಕುಮ ಹಾಕಿ ಆರನ್ನೂ ನೆಟ್ಟೆ. ಮೂರನೆಯ ಬೆಳಿಗ್ಗೆ ಹೋದರೆ ನೆಲವೆಲ್ಲ ಬೆಳ್ಳಗೆ. ಸಸಿಗಳು ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು.

"ಸಸಿ ಹೇಗುಂಟು?" ಆಸ್ಪತ್ರೆಯಿಂದ ಫೋನು.

"ಚೆನ್ನಾಗಿವೆ ದೊಡ್ಡಮ್ಮ," ಎಂದೆ. ಅಂದೇ ಅಂಗಡಿಯಿಂದ ಆರು ಬದನೆ ಸಸಿ ತಂದಿಟ್ಟುಕೊಂಡೆ. ಮೇ ಅರ್ಧ ಕಳೆದ ಮೇಲೆ ಅದೇ ಜಾಗದಲ್ಲಿ ನೆಟ್ಟೆ.

ಜೂನ್‌ನಲ್ಲಿ ಕೋಲೂರಿಕೊಂಡು ಬಂದರು. ಬಗ್ಗಿ ಒಂದು ಗಿಡದ ಕಾಂಡವನ್ನು ಬೆರಳಿನಿಂದ ಸವರಿದರು. ಗುಳ್ಳಕ್ಕೆ ಮುಳ್ಳಿರುತ್ತದೆ, ಇದು ನುಣ್ಣಗಿತ್ತು. ಬೆರಳು ಎರಡನೆಯ ಗಿಡಕ್ಕೆ ಹೋಯಿತು, ಮೂರನೆಯದಕ್ಕೂ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡರು.

"ಒಳ್ಳೆ ನೋಡಿಕೊಂಡಿದ್ದಿ. ನೀರು ಜಾಸ್ತಿ ಹಾಕ್ಬೇಡ ಆಯ್ತಾ?"

ಆಗಲೇ ಹೇಳಬೇಕಿತ್ತು. "ಮಳೆ ಬರೋ ಹಾಗಿದೆ, ಹೋಗೋಣ್ವಾ?" ಎಂದೆ.

ಕಾಯಿ ಬಂದಾಗ ಹುಳಿ ಮಾಡಿ ಕರೆದರು. "ರುಚಿ ಉಂಟಾ?" ಎಂದು ನನ್ನ ಮುಖವನ್ನೇ ನೋಡಿದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ. ಇನ್ನೊಂದು ಸೌಟು ಬಡಿಸಿದರು.

ನವೆಂಬರಿನಲ್ಲಿ ದೊಡ್ಡಮ್ಮ ತೀರಿಕೊಂಡರು. ಬೈಯುವುದಕ್ಕೆ ಹಿಂದೆಮುಂದೆ ನೋಡುವ ಹೆಂಗಸಲ್ಲ ಅವರು. ನಾನಾಗಿ ಬಾಯಿ ಬಿಡಲಿ ಎಂದು ಐದು ತಿಂಗಳು ಕಾದರು.