ನೆರಳು ಹುಡುಕುವವಳ ಸೋಲಾರ್

ದೆಹಲಿ ಕಡೆಯ ಬಿಸಿಲಲ್ಲಿ ಇಷ್ಟು ವರ್ಷ ಬದುಕಿ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ನೆರಳಲ್ಲಿ ಗಾಡಿ ನಿಲ್ಲಿಸುವುದು. ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಇರುವುದು ಒಂದೇ ದೊಡ್ಡ ಬೇವಿನ ಮರ. ಅದರ ಕೆಳಗಿನ ಜಾಗಕ್ಕೆ ಡಾಕ್ಟರರು, ರಿಟೈರಾದ ಕರ್ನಲ್ಲರು, ಯೋಗ ಹೇಳಿಕೊಡುವ ಮೇಡಂ ಎಲ್ಲರೂ ಹೊಂಚು ಹಾಕುತ್ತಾರೆ. ಅವರ ಕಣ್ಣು ತಪ್ಪಿಸಿ ಜಾಗ ಹಿಡಿದ ದಿನ ನಾನು ಬಡ್ತಿ ಸಿಕ್ಕವಳಂತೆ ಬೀಗುತ್ತೇನೆ. ಈ ವಿದ್ಯೆಯೇ ಒಂದು ಸಲ ನನಗೆ ಕೈಕೊಟ್ಟಿತು.

ನಾವು ಒಂದು ಹಳೆಯ ಕ್ಯಾಂಪಿಂಗ್ ಟ್ರೇಲರ್ ಕೊಂಡಿದ್ದೆವು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಕೋಣೆ ಅನ್ನಿ. ಅದು ಅಮ್ಮನಿಗಾಗಿ. ಇನ್ಸುಲಿನ್ ಶುರುವಾದ ಮೇಲೆ ಅಮ್ಮ ಒಂದು ರಾತ್ರಿಯೂ ಹೊರಗೆ ಉಳಿದಿರಲಿಲ್ಲ. ಸ್ವಂತ ತಂಗಿಯ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. "ಇನ್ನೊಬ್ಬರ ಫ್ರಿಜ್ಜಲ್ಲಿ ನನ್ನ ಔಷಧಿ ಇಡಿ ಅಂತ ಕೇಳೋಕೆ ಸಂಕೋಚ ಕಣೇ" ಅನ್ನುತ್ತಿದ್ದಳು. ಗಂಗೆ ನೋಡುವ ಆಸೆ ಮಾತ್ರ ಬಹಳ ಇತ್ತು. ಫ್ರಿಜ್ಜನ್ನೇ ಜೊತೆಗೆ ಒಯ್ದರಾಯಿತಲ್ಲ ಎಂದುಕೊಂಡೆ ನಾನು.

ಘಾಜಿಯಾಬಾದಿನ ಒಂದು ಶೆಡ್ಡಿನಲ್ಲಿ ಸೋಲಾರ್ ಕೂರಿಸಿದರು. ಟ್ರೇಲರಿನ ತಲೆಯ ಮೇಲೆ ಎರಡು ಪ್ಯಾನೆಲ್, ಸೀಟಿನ ಕೆಳಗೆ ಬ್ಯಾಟರಿ, ನಡುವೆ ಕಂಟ್ರೋಲರ್ ಎಂಬ ಡಬ್ಬಿ. ಚಾರ್ಜ್ ಆಗುತ್ತಿದ್ದರೆ ಅದರಲ್ಲಿ ಹಸಿರು ದೀಪ, ಬ್ಯಾಟರಿ ಬರಿದಾದರೆ ಕೆಂಪು. ಫ್ರಿಜ್ಜು, ಫ್ಯಾನು, ಫೋನು, ಯಾವುದಕ್ಕೆ ಎಷ್ಟು ಕರೆಂಟು ಬೇಕೆಂದು ಇಂಜಿನಿಯರಿನ ಗತ್ತಿನಲ್ಲಿ ನಾನೇ ಲೆಕ್ಕ ಹಾಕಿದ್ದೆ. ಶೆಡ್ಡಿನ ಅಂಗಳದ ಬಿಸಿಲಲ್ಲಿ ಹಸಿರು ದೀಪ ಹೊಳೆಯಿತು. ಸಂತೋಷದಿಂದ ಗಾಡಿ ಮನೆಗೆ ತಂದೆ, ಕರ್ನಲ್ಲರನ್ನು ಸೋಲಿಸಿದೆ, ವಾರವಿಡೀ ಬೇವಿನ ಮರದ ಕೆಳಗೆ ನಿಲ್ಲಿಸಿದೆ.

ನೀವು ನಗುತ್ತೀರಿ, ಗೊತ್ತು. ಆದರೆ ತಪ್ಪು ನನ್ನೊಬ್ಬಳದೇ ಅಲ್ಲ. ನಮ್ಮ ಇಡೀ ನಾಡು ನೆರಳಿನ ಪಕ್ಷಪಾತಿ. ದೊರೆಗಳು ದಾರಿಯುದ್ದಕ್ಕೂ ಸಾಲುಮರ ನೆಡಿಸಿದರೆಂದು ಶಾಲೆಯಲ್ಲಿ ಓದಿದ್ದೇವೆ. ಇರುವ ಮರ ಕಡಿಸಿ ಬಿಸಿಲು ಕೊಟ್ಟ ದೊರೆಯನ್ನು ಯಾರಾದರೂ ಹೊಗಳಿದ್ದುಂಟೆ? ರಾಜನ ತಲೆಯ ಮೇಲೆ ಬೆಳ್ಗೊಡೆ ಹಿಡಿದರು. ಉಪಕಾರ ಮಾಡಿದವರಿಗೆ "ನಿಮ್ಮ ನೆರಳಲ್ಲಿ ಬೆಳೆದೆ" ಅನ್ನುತ್ತೇವೆ. ನಿಮ್ಮ ಬಿಸಿಲಲ್ಲಿ ಬೆಳೆದೆ ಅಂದರೆ ಜಗಳವೇ ಆದೀತು. ಇಂಥ ಪರಂಪರೆಯಲ್ಲಿ ಬಂದವಳಿಗೆ, ಬಿಸಿಲೇ ಬೇಕು ಅನ್ನುವ ಈ ಪ್ಯಾನೆಲ್ಲಿನ ಸ್ವಭಾವ ತಲೆಗೆ ಹತ್ತುವುದು ತಡವಾಗದೆ ಇನ್ನೇನಾಗುತ್ತದೆ?

ಆ ವಾರದ ಕೊನೆಗೆ, ಏಪ್ರಿಲ್ಲಿನ ಒಂದು ಶನಿವಾರ ನಾನು, ನನ್ನ ಗಂಡ ರಮೇಶ, ಮಗಳು ಅನು ಮತ್ತು ಅಮ್ಮ ಗಂಗೆಯ ದಡದ ಒಂದು ಮಾವಿನ ತೋಪಿಗೆ ಹೋದೆವು. ತೋಪು ಕಾಯುವ ಭಯ್ಯಾ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ ಅಂದ. ಎಲ್ಲಕ್ಕಿಂತ ದಟ್ಟವಾದ ಮರ ಹುಡುಕಿ, ಅದರ ಬುಡಕ್ಕೇ ಟ್ರೇಲರ್ ನಿಲ್ಲಿಸಿದೆ. ಅಮ್ಮನಿಗೆ ತಂಪಾಗಿರಲಿ ಅಂತ.

ಊಟದ ಹೊತ್ತಿಗೆ ಒಳಗಿನಿಂದ ಅನು ಕೂಗಿದಳು. "ಮಮ್ಮಾ, ಅಜ್ಜಿ ಕಾ ಫ್ರಿಜ್ ಬಂದ್ ಹೋ ಗಯಾ!"

ಫ್ರಿಜ್ಜು ನಿಂತುಹೋಗಿದೆಯಂತೆ. ಓಡಿ ಹೋಗಿ ನೋಡಿದೆ. ಕೆಂಪು ದೀಪ. ಹೊರಗೆ ಬಂದು ತಲೆಯೆತ್ತಿದರೆ ಪ್ಯಾನೆಲ್ಲಿನ ಮೇಲೆ ಮಾವಿನೆಲೆಗಳ ತಣ್ಣನೆಯ ನೆರಳು. ಆಗ ತಲೆಗೆ ಹೊಳೆಯಿತು, ವಾರವಿಡೀ ಬೇವಿನ ನೆರಳಲ್ಲಿ ಬ್ಯಾಟರಿ ತುಂಬಿಯೇ ಇರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು!

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು, "ಮನೆಗೆ ಹೋಗೋಣ ಬಿಡು. ಅದಕ್ಕೇ ನಾನು ಎಲ್ಲಿಗೂ ಬರಲ್ಲ ಅನ್ನೋದು" ಅಂದಳು. ಗಂಗೆಯನ್ನು ಅವಳಿನ್ನೂ ಸರಿಯಾಗಿ ನೋಡಿರಲಿಲ್ಲ. ಇವತ್ತು ವಾಪಸ್ಸು ಹೊರಟರೆ ಇವಳು ಇನ್ನೆಂದೂ ಹೊಸ್ತಿಲು ದಾಟುವುದಿಲ್ಲ ಅನ್ನಿಸಿ ನನಗೆ ಅಳುವೇ ಬಂತು.

"ಗಾಡಿ ಬಿಸಿಲಿಗೆ ತಳ್ಳೋಣ" ಅಂದ ರಮೇಶ.

"ಈ ಬಿಸಿಲಿಗಾ? ಒಳಗೆ ಅಮ್ಮ ಬೆಂದು ಹೋಗ್ತಾಳೆ!" ಅಂತ ರೇಗಿದೆ. ನೆರಳಲ್ಲಿದ್ದರೆ ಔಷಧಿ ಕೆಡುತ್ತದೆ, ಬಿಸಿಲಲ್ಲಿದ್ದರೆ ಅಮ್ಮ ಬಾಡುತ್ತಾಳೆ.

ಅಮ್ಮ ನಮ್ಮಿಬ್ಬರ ಮುಖ ನೋಡಿದಳು. "ಅಲ್ವೇ, ನಾನ್ಯಾಕೆ ಒಳಗೆ ಕೂರ್ಬೇಕು? ಫ್ರಿಜ್ಜಲ್ಲಿ ಇರ್ಬೇಕಾದ್ದು ಇನ್ಸುಲಿನ್ನು, ನಾನಲ್ವಲ್ಲ" ಅಂದಳು.

ಅಯ್ಯೋ ದೇವರೇ! ಮನೆಯೆಂದ ಮೇಲೆ ಒಳಗೇ ಕೂರಬೇಕು ಅಂತ ನಾನು ಅಂದುಕೊಂಡುಬಿಟ್ಟಿದ್ದೆ. ಎಲ್ಲರೂ ಸೇರಿ ಟ್ರೇಲರನ್ನು ಬಯಲಿಗೆ ತಳ್ಳಿದೆವು. ಅಮ್ಮ ಬೇಡವೆಂದರೂ ಕೇಳದೆ ಒಂದು ಕೈ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಹಸಿರು ದೀಪ ಹತ್ತಿತು, ಫ್ರಿಜ್ಜು ಗುಂಯ್ ಅಂದಿತು. ಒಳಗಿನ ತಂಪಿನ್ನೂ ಆರಿರಲಿಲ್ಲ, ಔಷಧಿ ಸುರಕ್ಷಿತವಾಗಿತ್ತು. ನಾವು ಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ಸಂಜೆ ಅಮ್ಮ ಗಂಗೆಯಲ್ಲಿ ಕಾಲಿಳಿಬಿಟ್ಟು, ಕತ್ತಲಾಗುವ ತನಕ ಕೂತಿದ್ದಳು. ಅಷ್ಟು ಆಸೆಪಟ್ಟು ಮಾಡಿಸಿದ ಕೋಣೆಯೊಳಗೆ ಹಗಲಲ್ಲಿ ಒಬ್ಬರೂ ಕೂರಲಿಲ್ಲ.

ಭಾನುವಾರ ನೋಯ್ಡಾಕ್ಕೆ ಮರಳಿದಾಗ ಬೇವಿನ ಮರದ ಕೆಳಗೆ ಜಾಗ ಖಾಲಿಯಿತ್ತು. ಕೈ ತಾನಾಗಿ ಸ್ಟೀರಿಂಗನ್ನು ಆ ಕಡೆ ತಿರುಗಿಸಿತು. ಹಿಂದಿನ ಸೀಟಿನಿಂದ ಅಮ್ಮ ನನ್ನ ಭುಜ ಹಿಡಿದಳು.

"ಅಲ್ಲಿ ಬೇಡ, ಬಿಸಿಲಲ್ಲಿ ನಿಲ್ಸು" ಅಂದಳು. "ಮುಂದಿನ ಶನಿವಾರಕ್ಕೆ ಬ್ಯಾಟರಿ ತುಂಬಿರ್ಬೇಕು."