ಹಣ್ಣು ತರಲು ಇಳಿದ ಹತ್ತು ನಿಮಿಷ

ವೀರೇಶ ನಿನ್ನನ್ನು ಬೇಡ ಅನ್ನಲಿಲ್ಲ, ಗಿರಿಜಾ. ಬೇಡ ಅಂದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಐದು ವರ್ಷದಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ. ಪ್ರತಿ ಶನಿವಾರ ನೀನು ಯಲಬುರ್ಗಾದಲ್ಲಿ ಶಾಲೆಯ ಕೆಲಸ ಮುಗಿಸಿ ಗಂಗಾವತಿಯಲ್ಲಿ ಬಸ್ಸಿಳಿದಾಗ, ನಿನ್ನ ಕೈಯಿಂದ ಚೀಲ ಇಸಿದುಕೊಳ್ಳುವಾಗ, ಈ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಊಟ ಆಯ್ತೇನು ಎಂದು ಕೇಳಿ ಅದನ್ನು ನುಂಗಿಕೊಳ್ಳುತ್ತಿದ್ದೆ.

ಕಾರಿನ ಕ್ಯಾಮೆರಾದ ಮೇಲೆ ತಪ್ಪು ಹೊರಿಸಿ ಪಾರಾಗೋಣ ಎಂದು ಎಷ್ಟೋ ಸಲ ಅನಿಸಿದ್ದುಂಟು. ನಿನಗೆ ನೆನಪಿರಬೇಕು — ಹಿಟ್ನಾಳದ ಹತ್ತಿರ ಭತ್ತದ ಟ್ರ್ಯಾಕ್ಟರ್ ನಮ್ಮ ಕಾರಿಗೆ ಒರಸಿಕೊಂಡು ಹೋಗಿ, ಆಮೇಲೆ ಅದರ ಡ್ರೈವರ್ ತಪ್ಪೆಲ್ಲ ನನ್ನದೇ ಎಂದು ಮಂದಿ ಕೂಡಿಸಿದ್ದ. ಮರುವಾರವೇ ಕಾರಿನ ಕನ್ನಡಿಯ ಕೆಳಗೆ ಕ್ಯಾಮೆರಾ ಹಾಕಿಸಿದೆ. ಒಂದು ಕಣ್ಣು ರಸ್ತೆಗೆ, ಇನ್ನೊಂದು ಒಳಗಿನ ಸೀಟಿಗೆ. ಒಳಗಿನ ಮಾತೂ ದಾಖಲಾಗುತ್ತದೆ ಎಂದು ಹಾಕಿದವನು ಹೇಳಿದಾಗ, ಆಗಲಿ ಬಿಡು ಅಂದಿದ್ದೆ. ನೀನೊಬ್ಬಳೇ ಕೇಳಿದವಳು: “ಅಣ್ಣಾ, ಹತ್ತಿದವರಿಗೆ ಹೇಳ್ತಿಯಿಲ್ಲೋ, ಇದಕ್ಕ ಎಲ್ಲಾ ಕೇಳಸ್ತೈತಿ ಅಂತ?” ಕಬ್ಬಿಣ-ಸಿಮೆಂಟ್ ಮಾರುವವನ ಕಾರಿನಲ್ಲಿ ಕುಳಿತು ಯಾರು ಗುಟ್ಟು ಮಾತಾಡುತ್ತಾರೆ ಎಂದು ನಕ್ಕುಬಿಟ್ಟೆ.

ಅವರು ನಿನ್ನನ್ನು ನೋಡಲು ಬಂದದ್ದು ಬೇಸಿಗೆಯಲ್ಲಿ. ಕುಷ್ಟಗಿಯಿಂದ ತಾಯಿ, ಮಗ ಇಬ್ಬರೇ. ಹುಡುಗ ವೀರೇಶ ಭೂಮಾಪಕ, ಮಾತು ಕಡಿಮೆ. ಒಗ್ಗರಣಿ-ಮಿರ್ಚಿ ತಿಂದಾದ ಮೇಲೆ, ಇಬ್ಬರೂ ಎರಡು ಮಾತಾಡಿಕೊಳ್ಳಲಿ ಎಂದು ಅವ್ವನೇ ನಿಮ್ಮನ್ನು ಮಾಳಿಗೆಗೆ ಕಳಿಸಿದಳು. ಕೆಳಗಿಳಿದು ಬರುವಾಗ ನಿನ್ನ ಮುಖ — ಅದನ್ನು ಹೇಗೆ ಬರೆಯಲಿ! ಮೆಟ್ಟಿಲ ಕೊನೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರಿಗೂ ಕಾಣಬಾರದೆಂದು ತಲೆ ಬಗ್ಗಿಸಿ ನಗುತ್ತಿದ್ದೆ. ನಾನು ಕಂಡೆ. ಅಪ್ಪ ಹೋದ ಮೇಲೆ ನೀನು ಹಾಗೆ ನಕ್ಕದ್ದು ಅದೇ ಮೊದಲು.

ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟವನಿಗೆ ದಾರಿಯಲ್ಲಿ ನೆನಪಾಯಿತು, ಮೊದಲ ಸಲ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದೇನೆ ಎಂದು. ನಮ್ಮಲ್ಲಿ ಹಾಗೆ ಕಳಿಸುವುದುಂಟೇ? ಬಜಾರದಲ್ಲಿ ನಿಲ್ಲಿಸಿ ಹಣ್ಣು ತರಲು ಇಳಿದೆ. ಬಿಸಿಲಿಗೆ ಅವರು ಬೇಯಬಾರದೆಂದು ಇಂಜಿನ್ ಆರಿಸಲಿಲ್ಲ, ಎಸಿ ಹಾಗೇ ಇತ್ತು. ಕ್ಯಾಮೆರಾವೂ ಹಾಗೇ ಇತ್ತು. ಗಾಜು ಏರಿಸಿದ ಕಾರಿನೊಳಗೆ ತಾಯಿ-ಮಗ ಇಬ್ಬರೇ ಇದ್ದೇವೆ ಎಂದು ಅವರು ತಿಳಿದಿದ್ದರು.

ಅವತ್ತು ಸಂಜೆ ಮನೆಯ ಮುಂದೆ ಕಾರಿನಲ್ಲಿ ಕುಳಿತು ಕ್ಯಾಮೆರಾವನ್ನು ಫೋನಿಗೆ ಜೋಡಿಸಿಕೊಂಡೆ. ಅವರಿಗೆ ನೀನು ಒಪ್ಪಿಗೆಯಾದೆಯೋ ಇಲ್ಲವೋ — ಅಷ್ಟು ತಿಳಿದರೆ ಸಾಕಿತ್ತು. ಎರಡು ದಿನ ಕಾದಿದ್ದರೆ ಅವರೇ ತಿಳಿಸುತ್ತಿದ್ದರು. ನನಗೆ ಕಾಯಲಾಗಲಿಲ್ಲ. ಆ ಕ್ಯಾಮೆರಾ ಎಲ್ಲವನ್ನೂ ಮೂರು ಮೂರು ನಿಮಿಷದ ತುಣುಕು ಮಾಡಿ ಇಡುತ್ತದೆ. ಒಂದು ತುಣುಕಿನ ಕೊನೆಯಲ್ಲಿ ತಾಯಿಯ ದನಿ: “ಹುಡುಗಿ ಭಾಳ ಛಲೋ ಅದಾಳ. ನಿನ್ನ ಎಡಗಿವಿ ಕೇಳಂಗಿಲ್ಲ ಅಂತ ಈಗ ಹೇಳಾಕ ಹೋಗಬ್ಯಾಡಪ. ಲಗ್ನ ಆದ ಮ್ಯಾಲ ತಾನ ತಿಳೀತೈತಿ.” ಅಲ್ಲಿಗೆ ತುಣುಕು ಮುಗಿಯಿತು.

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ನೀನು ಚಹಾ ತಗೊಂಡು ಬಂದು ಗಾಜು ತಟ್ಟಿದೆ. ಏನು ಕೇಳುತ್ತಿದ್ದೀ ಎಂದು ನೀನು ಕೇಳಿದೆ. ಏನೂ ಇಲ್ಲ, ಹಾಡು — ಎಂದು ನಾನು ಫೋನು ಬಂದ್ ಮಾಡಿದೆ. ಮುಂದಿನ ತುಣುಕು ಕೇಳಲೇ ಇಲ್ಲ. ನಮಗೆ ಮೋಸ ಮಾಡಲು ಬಂದವರು ಎಂದು ತೀರ್ಮಾನಿಸಿದ್ದಾಗಿತ್ತು. ನಾಳೆ ಮಾತು ಬೆಳೆದರೆ ಸಾಕ್ಷಿ ಇರಲಿ ಎಂದು ಕ್ಯಾಮೆರಾದ ಮೆಮೊರಿ ಕಾರ್ಡು ತೆಗೆದು ಅಲಮಾರಿಯಲ್ಲಿಟ್ಟೆ.

ಕಿವಿಯ ವಿಷಯವನ್ನು ನಿನಗೆ ನೇರವಾಗಿ ಹೇಳಬಹುದಿತ್ತು. ಹೇಳಿದ್ದರೆ ನೀನು ಒಂದೇ ಪ್ರಶ್ನೆ ಕೇಳುತ್ತಿದ್ದೆ — ನಿನಗೆ ಹೇಗೆ ಗೊತ್ತಾಯಿತು ಅಣ್ಣಾ? ಕದ್ದು ಕೇಳಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ಅವರಿಗೆ ಫೋನು ಮಾಡಿ ನಮ್ಮ ಹುಡುಗಿಗೆ ಮನಸ್ಸಿಲ್ಲ ಎಂದೆ. ನೀನು ಅಂಗಳದಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆ. ನಿನ್ನ ಹತ್ತಿರ ಬಂದು ಅಂದೆ: “ಹುಡುಗಗ ಮನಸ್ಸಿಲ್ಲಂತವ್ವ.”

“ಅವರ ಹಂಗಂದ್ರನು?”

“ಹೂಂ. ಅವನ ಹೇಳ್ಯಾನ.”

ನೀನು ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದೆ. ಆಮೇಲೆ ಯಾರು ನೋಡಲು ಬರುತ್ತೇವೆ ಅಂದರೂ ನೀನು ಹೊರಗೆ ಬರಲಿಲ್ಲ. ಯಲಬುರ್ಗಾದಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಬಾಡಿಗೆಗೆ ಖೋಲಿ ಹಿಡಿದೆ. ನಮ್ಮ ಗಿರಿಜಾ ಹಟಮಾರಿ ಎಂದು ಬೀಗರ ಮುಂದೆ ನಾನೇ ಹೇಳುತ್ತಾ ತಿರುಗಿದೆ — ಎಂಥ ಬಾಯಿ ಇದು ನನ್ನದು.

ಹೋದ ತಿಂಗಳು ಆ ಕಾರು ಮಾರಿದೆನಲ್ಲ. ಕ್ಯಾಮೆರಾವನ್ನೂ ಕೊಡಬೇಕು, ಹಳೆಯದೆಲ್ಲ ಅಳಿಸೋಣ ಎಂದು ಹುಡುಕುವಾಗ ಅಲಮಾರಿಯ ಕಾರ್ಡು ಕೈಗೆ ಬಂತು. ಕೇಳಬಾರದಿತ್ತು. ಮತ್ತೆ ಕೇಳಿದೆ. ಈ ಸಲ ಮುಂದಿನ ತುಣುಕು. ವೀರೇಶನ ದನಿ:

“ನಾ ಹೇಳೇನಿ ಅವ್ವ. ಮಾಳಿಗಿ ಮ್ಯಾಲ ಮೊದಲ ಅದನ್ನ ಹೇಳೇನಿ.”

ಆಮೇಲೆ ತಾಯಿ, ಏನಂದಳು ಎಂದು ಕೇಳಿದರು.

“ಹಂಗಾದ್ರ ನಾ ಯಾವಾಗ್ಲೂ ನಿಮ್ಮ ಬಲಕ್ಕ ಕುಂದರ್ತೀನಿ ಅಂದ್ಲು.”

ಆ ತಾಯಿ ಅತ್ತರೋ ನಕ್ಕರೋ ತಿಳಿಯಲಿಲ್ಲ. ಕಾರಿನ ಬಾಗಿಲು ತೆರೆದ ಸದ್ದು, ಅದರ ಹಿಂದೆಯೇ ನನ್ನದೇ ದನಿ — ತಡವಾತು ತಪ್ಪು ತಿಳೀಬ್ಯಾಡ್ರಿ, ಹಣ್ಣು ತಗೋರಿ. ಎಷ್ಟು ಮರ್ಯಾದಸ್ಥ ದನಿ ಅದು, ಗಿರಿಜಾ. ಕೇಳಿ ನಾಚಿಕೆಯಿಂದ ಕುಗ್ಗಿಹೋದೆ.

ನಿನಗೆ ಎಲ್ಲ ಗೊತ್ತಿತ್ತು. ನಿನ್ನನ್ನು ಬೇಡ ಅಂದನೆಂದು ನೀನು ನಂಬಿದ್ದವನ ಗುಟ್ಟನ್ನು ಐದು ವರ್ಷ ಅವ್ವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಂಬಿ ಹೇಳಿದ ಮಾತನ್ನು ನೀನು ಹಾಗೆ ಕಾಪಾಡಿದೆ. ನಾನು ಅದನ್ನೇ ಕದ್ದು ಕೇಳಿ, ಅರ್ಧ ಕೇಳಿ, ನಿನ್ನ ಬಾಳಿನ ಮೇಲೆ ತೀರ್ಪು ಕೊಟ್ಟೆ.

ಮೊನ್ನೆ ಕುಷ್ಟಗಿಗೆ ಹೋಗಿದ್ದೆ. ಕಾರ್ಡು ವೀರೇಶನದು, ಅವನಿಗೇ ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಅಂದರೆ ನಿನ್ನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ ನಕಾಶೆಯ ಸುರುಳಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ನಿಂತು, ನೆಲ ನೋಡುತ್ತಾ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವನು ಸುಮ್ಮನಿದ್ದ. ಸಿಟ್ಟು ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ ಮೆತ್ತಗೆ ಅಂದ:

“ಈ ಕಡಿ ಬರ್ರಿ. ಆ ಕಿವಿ ಕೇಳಂಗಿಲ್ಲ.”

ಬಲಕ್ಕೆ ಹೋಗಿ ನಿಂತೆ. ನೀನು ನಿಲ್ಲಬೇಕಾಗಿದ್ದ ಜಾಗದಲ್ಲಿ ನಿಂತು, ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಒಂದೇ ಉಸಿರಿಗೆ ಆಗಲಿಲ್ಲ, ನಡುವೆ ಅತ್ತೆ. ಅವನಿಗೆ ಮದುವೆಯಾಗಿದೆ, ಒಂದು ಹೆಣ್ಣು ಕೂಸಿದೆ. ಕಿವಿಯ ಸಲುವಾಗಿಯೇ ನೀನು ಬೇಡ ಅಂದೆ ಎಂದು ಇಷ್ಟು ವರ್ಷ ತಿಳಿದಿದ್ದನಂತೆ. ಕಾರ್ಡು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಬೈಯಲಿಲ್ಲ. ಒಂದೇ ಮಾತು ಅಂದ: “ಗಿರಿಜಾ ಅವರಿಗಿಂತ ಮೊದಲ ನನಗ್ಯಾಕ ಹೇಳಿದ್ರಿ?”

ಅದಕ್ಕೇ ಈ ಪತ್ರ. ಆ ದನಿಗಳ ನಕಲು ನಾನು ಇಟ್ಟುಕೊಂಡಿಲ್ಲ, ನಿನಗೂ ಕೇಳಿಸಲಾರೆ; ಅವು ಅವರಿಬ್ಬರವು. ನಿನಗೆ ಸೇರಬೇಕಾದದ್ದು ಇಷ್ಟೇ — ಅವನು ನಿನ್ನನ್ನು ಬೇಡ ಅನ್ನಲಿಲ್ಲ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಕೇಳುವ ಮುಖ ನನಗಿಲ್ಲ.

ಈ ಶನಿವಾರ ನೀನು ಊರಿಗೆ ಬರಬೇಡ; ಭಾನುವಾರ ನಾನೇ ಯಲಬುರ್ಗಾಕ್ಕೆ ಬರುತ್ತೇನೆ, ಬಸ್ಸಿನಲ್ಲಿ. ಒಳಗೆ ಕರೆಯದಿದ್ದರೂ ಸರಿ, ಹೊಸ್ತಿಲ ಹೊರಗೇ ನಿಂತಿರುತ್ತೇನೆ. ಅವತ್ತು ನಾನು ಹೆದರಿದ ಆ ಒಂದು ಪ್ರಶ್ನೆಯನ್ನೇ ನೀನು ಮೊದಲು ಕೇಳು. ನಿನಗೆ ಹೇಗೆ ಗೊತ್ತಾಯಿತು ಅಣ್ಣಾ, ಎಂದು ಕೇಳು. ನಿನ್ನ ಮುಖ ನೋಡಿ ಹೇಳುತ್ತೇನೆ.